ಯೋಚನೆ ಮಾಡಿ ಓಡುವ ಕಾರು

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವಾಗ ಮುಂದೆ ಅದಿರಿನ ಲಾರಿ ಸಿಕ್ಕರೆ, ಅದನ್ನು ಹಿಂದೆ ಹಾಕುವ ಹೊತ್ತಿನಲ್ಲಿ ಕಾರು ಯೋಚನೆ ಮಾಡಬಾರದು. ನಮ್ಮದು ಮಾಡುತ್ತಿತ್ತು. ಎಕ್ಸಲರೇಟರ್ ಒತ್ತಿದರೆ ಒಂದು ಕ್ಷಣ ಸುಮ್ಮನಿರುವುದು, ಒಮ್ಮೆ ಮುಗ್ಗರಿಸುವುದು, ಆಮೇಲೆ "ಆಯ್ತು, ಇಷ್ಟು ಹೇಳ್ತೀರಲ್ಲ" ಅನ್ನುವ ಹಾಗೆ ಹೊರಡುವುದು. ಅಷ್ಟರಲ್ಲಿ ಎದುರಿನಿಂದ ಇನ್ನೊಂದು ಲಾರಿ ಬಂದಿರುತ್ತಿತ್ತು. ನಾನು ಮತ್ತೆ ಹಳೇ ಲಾರಿಯ ಹಿಂದೆ, ಕೆಂಪು ಧೂಳು ಕುಡಿಯುತ್ತಾ.

ಊರೊಳಗೆ ಇನ್ನೂ ಮಜಾ. ರಾಯಲ್ ಸರ್ಕಲ್ಲಿನಲ್ಲಿ ಹಸಿರು ದೀಪ ಬಿದ್ದರೂ ನಮ್ಮ ಕಾರಿಗೆ ಗೊತ್ತಾಗುತ್ತಿರಲಿಲ್ಲ. ಹಿಂದಿನ ಆಟೋದವನಿಗೆ ಮಾತ್ರ ಒಂದು ಸೆಕೆಂಡ್ ಮೊದಲೇ ಗೊತ್ತಾಗುತ್ತಿತ್ತು. "ಯಣ್ಣಾ, ಮಲಗೀಯೇನು?" ಅಂತ ಕೂಗಿ ಪಕ್ಕದಲ್ಲೇ ನುಗ್ಗಿ ಹೋಗುತ್ತಿದ್ದ.

ಕಾರು ಕೆಟ್ಟರೆ ನಮ್ಮಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಪಕ್ಕದ ಮನೆ ಮಾಮ ಪೆಟ್ರೋಲಿನಲ್ಲಿ ನೀರು ಸೇರಿದೆ ಅಂದರು. ಆಫೀಸಿನ ಗೆಳೆಯ ಪ್ಲಗ್ ಅಂದ. ಪ್ಲಗ್ ಬದಲಾಯಿತು. ಬಂಕ್ ಬದಲಾಯಿತು. ಏರ್ ಫಿಲ್ಟರ್ ಬದಲಾಯಿತು, ಹಳೇ ಫಿಲ್ಟರ್ ಕೊಡವಿದರೆ ಒಂದು ಹಿಡಿ ಸಂಡೂರು ಉದುರಿತು. ನಮ್ಮ ಅತ್ತೆ ನಾಲ್ಕೂ ಟೈರಿಗೆ ಲಿಂಬೆಹಣ್ಣು ಇಡಿಸಿದರು. ರಸ ಹಾರಿತು, ಕಾರು ಹಾರಲಿಲ್ಲ.

ಕೊನೆಗೆ ಕೌಲ್ ಬಜಾರಿನ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಆ ಮನುಷ್ಯ ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳಿದ.

"ಸರ, ಈಚೆಗೆ ಥ್ರಾಟಲ್ ಬಾಡಿ ಕ್ಲೀನ್ ಮಾಡ್ಸಿದ್ರೇನ್ರಿ?"

"ಹೌದು, ಹಿಂದಿನ ಸರ್ವೀಸಿನಲ್ಲಿ."

"ಆಗಿಂದನ ಶುರುವಾಗಿರಬೇಕಲ್ರಿ?"

ಲೆಕ್ಕ ಹಾಕಿದೆ. ಆಗಿಂದಲೇ!

ಥ್ರಾಟಲ್ ಬಾಡಿ ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿ. ಅದರೊಳಗೆ ಒಂದು ತಟ್ಟೆ. ನಾವು ಕಾಲು ಒತ್ತಿದಾಗ ಕೇಬಲ್ ಅದನ್ನು ತೆರೆಯುತ್ತದೆ. ಎಷ್ಟು ತೆರೆಯಿತು ಅಂತ ಕಾರಿನ ಕಂಪ್ಯೂಟರಿಗೆ ಹೇಳುವುದು ಪಕ್ಕದಲ್ಲಿರುವ ಪುಟ್ಟ ಸೆನ್ಸಾರು. ಹಳೇ ರೇಡಿಯೋದ ವಾಲ್ಯೂಮ್ ತಿರುಗಣೆ ಇತ್ತಲ್ಲ, ಒಳಗೆ ಅದೂ ಅದೇ ಜಾತಿ. ಮೂರು ವೈರು: ಒಂದರಲ್ಲಿ 5 ವೋಲ್ಟ್ ಬರುತ್ತದೆ, ಒಂದು ಅರ್ಥ್, ಮೂರನೆಯದು ಸುದ್ದಿ ಮುಟ್ಟಿಸುತ್ತದೆ. ಕಾಲು ಬಿಟ್ಟಾಗ ಸಾಮಾನ್ಯವಾಗಿ ಅರ್ಧ ವೋಲ್ಟಿನ ಆಸುಪಾಸು, ಪೂರ್ತಿ ಒತ್ತಿದಾಗ 4.5ರ ಹತ್ತಿರ. ಸರಿಯಾದ ಅಂಕಿ ಆಯಾ ಗಾಡಿಯ ಸರ್ವೀಸ್ ಪುಸ್ತಕದಲ್ಲಿರುತ್ತದೆ.

ಸುದ್ದಿ ಹೇಗಿದೆ ಅಂತ ನೋಡಲು ಕನೆಕ್ಟರಿನ ಹಿಂದಿನಿಂದ ಮೀಟರ್ ತಾಗಿಸಬೇಕು. ಅದಕ್ಕೆ ಸಪೂರದ್ದೇನಾದರೂ ಬೇಕು. ಮೆಕ್ಯಾನಿಕ್ ನನ್ನ ಹೆಂಡತಿಯ ಸೆರಗಿನ ಕಡೆ ನೋಡಿದ. ಅವಳು ನನ್ನ ಕಡೆ ನೋಡಿದಳು. ಆ ನೋಟ ಬೇರೆ ಥರ ಇತ್ತು. ಸೇಫ್ಟಿ ಪಿನ್ನು ಕೈ ಬದಲಾಯಿತು.

ಕೀ ಆನ್, ಎಂಜಿನ್ ಆಫ್. ಮೀಟರಿನಲ್ಲಿ 0.3. ಮೆಲ್ಲಗೆ ಎಕ್ಸಲರೇಟರ್ ಒತ್ತಿದೆ. ತಟ್ಟೆ ತೆರೆಯಿತು, ಗಾಳಿಗೆ ದಾರಿಯಾಯಿತು, ಅಂಕಿ ಮಾತ್ರ ಕದಲಲಿಲ್ಲ. ಇನ್ನೂ ಸ್ವಲ್ಪ ಒತ್ತಿದ ಮೇಲೆ ಎಚ್ಚರಾಗಿ ಏರತೊಡಗಿತು. ಕ್ಲೀನ್ ಮಾಡಿದವರು ಸೆನ್ಸಾರ್ ಬಿಚ್ಚಿ ವಾಪಸ್ ಹಾಕುವಾಗ ತುಸು ತಿರುಗಿಸಿ ಕೂರಿಸಿದ್ದರು. ಗಾಳಿ ಒಳಗೆ ಬಂದಾಗಿದೆ, ಪೆಟ್ರೋಲ್ ಹೆಚ್ಚು ಬಿಡಬೇಕಾದ ಕಂಪ್ಯೂಟರಿಗೆ ಸುದ್ದಿಯೇ ಇಲ್ಲ. ಮುಗ್ಗರಿಸದೆ ಏನು ಮಾಡುತ್ತದೆ ಪಾಪ? ಎಂಜಿನ್ ಲೈಟೂ ಹತ್ತಿರಲಿಲ್ಲ. ವೋಲ್ಟೇಜ್ ತೀರಾ ಎಲ್ಲೆ ಮೀರಿದರೆ ಮಾತ್ರ ಅದು ದೂರು ಕೊಡುವುದು.

ನಮ್ಮೂರ ಕೋಟೆಯದೂ ಇಂಥದೇ ಕಥೆ. ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರ್ ಕೈಲಿ ಕೋಟೆ ಕಟ್ಟಿಸಿದನಂತೆ. ಎಲ್ಲಾ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಎಂಜಿನಿಯರನ್ನು ಕೋಟೆ ಬಾಗಿಲ ಹತ್ತಿರವೇ ಗಲ್ಲಿಗೆ ಹಾಕಿದರು ಅಂತ ಹೇಳುತ್ತಾರೆ. ಹಿಂದಿನ ಗ್ಯಾರೇಜಿನವರಿಗೆ ಈ ಕಥೆ ಯಾರೂ ಹೇಳಿದ ಹಾಗಿಲ್ಲ.

ನಮ್ಮ ಸೆನ್ಸಾರಿನ ಸ್ಕ್ರೂ ತೂತುಗಳು ಉದ್ದುದ್ದ ಇವೆ, ಹಾಗಾಗಿ ತಿರುಗಿಸಬಹುದು. ಎಲ್ಲಾ ಗಾಡಿಯಲ್ಲಿ ಈ ಸೌಲಭ್ಯ ಇಲ್ಲ. ಕೇಬಲ್ಲೇ ಇಲ್ಲದ ಹೊಸ ಕಾರುಗಳಲ್ಲಿ ಅದಕ್ಕೆ ಕೈ ಹಾಕುವ ಹಾಗೇ ಇಲ್ಲ. ಮೆಕ್ಯಾನಿಕ್ ಎರಡು ಸ್ಕ್ರೂ ಸಡಿಲ ಮಾಡಿ, ಕೂದಲೆಳೆಯಷ್ಟು ತಿರುಗಿಸಿದ. 0.4. ಇನ್ನೊಂದೆಳೆ. 0.5. ಸ್ಕ್ರೂ ಬಿಗಿ ಮಾಡಿದರೆ 0.6ಕ್ಕೆ ಜಾರಿತು. ಮತ್ತೆ ಸಡಿಲ, ಮತ್ತೆ ಬಿಗಿ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಈ ಕೆಲಸ ಮಾಡುತ್ತಾ ಬೈಯದೆ ಇದ್ದವನನ್ನು ನಾನು ನೋಡಿದ್ದು ಅವನೊಬ್ಬನನ್ನೇ. ಆಮೇಲೆ ಮುಳ್ಳಿನ ಮೀಟರ್ ಹಾಕಿ ನನ್ನ ಕೈಲಿ ಮೆಲ್ಲಗೆ ಎಕ್ಸಲರೇಟರ್ ಒತ್ತಿಸಿದ. ಮುಳ್ಳು ಎಲ್ಲೂ ತಡೆಯದೆ ಏರಿತು. ಎಲ್ಲಾದರೂ ತಟಕ್ಕನೆ ಬಿದ್ದಿದ್ದರೆ ಒಳಗೆ ಸವೆದಿದೆ ಅಂತ ಅರ್ಥ, ಹೊಸದೇ ಹಾಕಬೇಕಿತ್ತು.

ಕಾರು ಸರಿಯಾಯಿತು. ಕಾಲು ಸರಿಯಾಗಲಿಲ್ಲ. ಇಷ್ಟು ದಿನ ಮುಂಚೆಯೇ, ಜೋರಾಗಿ ಒತ್ತಿ ಒತ್ತಿ ಅಭ್ಯಾಸವಾಗಿತ್ತಲ್ಲ, ವಾಪಸ್ ಬರುವಾಗಲೂ ಹಾಗೇ ಒತ್ತಿದೆ. ಗಾಡಿ ಚಂಗನೆ ನೆಗೆಯಿತು. ಹೆಂಡತಿಯ ತೊಡೆ ಮೇಲಿದ್ದ ಒಗ್ಗರಣೆ ಮಂಡಕ್ಕಿ ಪೊಟ್ಟಣ ಹಿಂದಿನ ಸೀಟಿನವರೆಗೂ ಹರಡಿತು. ಒಂದು ಮಿರ್ಚಿ ಗೇರಿನ ಹತ್ತಿರ ಬಂದು ಕೂತಿತು.

ಅವಳು ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮಂಡಕ್ಕಿ ಕೊಡವುತ್ತಾ ಕೇಳಿದಳು: "ರೀ, ಅದನ್ನ ಸ್ವಲ್ಪ ಹಿಂದಕ್ಕೆ ತಿರುಗ್ಸೋಕೆ ಆಗಲ್ವಾ?"