ಮಲಗಿದಲ್ಲೇ 40 ಮೀಟರ್ ಏರಿದೆನಂತೆ!

ರಾತ್ರಿ ಮಲಗುವಾಗ ನನ್ನ ವಾಚು 920 ಮೀಟರ್ ಎತ್ತರ ತೋರಿಸುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ 960! ನಾನು ಹಾಸಿಗೆ ಬಿಟ್ಟು ಕದಲಿಲ್ಲ.

ಈ ವಾಚು ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಮೇಲೇರಿದಷ್ಟೂ ಒತ್ತಡ ಕಡಿಮೆಯಾಗುತ್ತದಲ್ಲ, ಹಾಗಾಗಿ ಸಮುದ್ರ ಮಟ್ಟದಲ್ಲಿ ಒತ್ತಡ ಇಷ್ಟಿದೆ ಎಂದುಕೊಂಡು, ಅದರ ಮೇಲೆ ಎತ್ತರದ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ ಹಿಡಿಯುವ ಅಂಕಿ 1013.25 ಹೆಕ್ಟೋಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ). ಆದರೆ ಹವೆ ಒಂದೇ ಥರ ಇರುತ್ತದಾ? ಒತ್ತಡ ಬರೀ 1 ಹೆಕ್ಟೋಪ್ಯಾಸ್ಕಲ್ ಇಳಿದರೂ ಎತ್ತರ ಸುಮಾರು 9 ಮೀಟರ್ ಜಾಸ್ತಿಯಾಗಿ ಕಾಣುತ್ತದೆ. ಎತ್ತರ ಗೊತ್ತಿರುವ ಜಾಗದಲ್ಲಿ ನಿಂತು ಮತ್ತೆ ಸರಿಮಾಡಬೇಕು. ಹವೆ ಬದಲಾದರೆ ಅದೂ ಹೋಯಿತು.

ನನಗೆ ಸಿಟ್ಟು ಬರುವುದು ಪರದೆ ನೋಡಿದಾಗ. ಒಂದೊಂದು ಮೀಟರಿನ ಲೆಕ್ಕ ಕಂಡರೆ ಯಾರಾದರೂ ನಂಬುತ್ತಾರೆ, ಅಲ್ವಾ? ಕೊನೆಯ ಸಲ ಸರಿಮಾಡಿ ಎಷ್ಟು ಗಂಟೆ ಆಯಿತು ಅಂತಾದರೂ ಪಕ್ಕದಲ್ಲೇ ತೋರಿಸಬೇಕಿತ್ತು.