ಮೆದುಳಿನ ಅಮೈಲಾಯ್ಡ್ ತೆಗೆದರೆ ಮರೆವು ನಿಲ್ಲುತ್ತದೆಯೇ?

ಪರ: ಹೆಪ್ಪು ಬೀಳುವ ಮೊದಲೇ ತಡೆಯಬೇಕು

1901ರ ನವೆಂಬರ್. ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯೊಂದರಲ್ಲಿ ಐವತ್ತೊಂದು ವರ್ಷದ ಔಗುಸ್ತೆ ಡೇಟರ್ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿದ್ದದ್ದು ಹೂಕೋಸು, ಹಂದಿಮಾಂಸ. ಏನು ತಿನ್ನುತ್ತಿದ್ದೀರಿ ಎಂದು ಡಾಕ್ಟರ್ ಕೇಳಿದರೆ ‘ಪಾಲಕ್’ ಎಂದರು. ಗಂಡನ ಹೆಸರು ಕೇಳಿದಾಗ ತಮ್ಮ ಹೆಸರನ್ನೇ ಹೇಳಿದರು. ಆ ಡಾಕ್ಟರ್ ಆಲೋಯಿಸ್ ಆಲ್‌ಝೈಮರ್. ಈ ಮರೆವಿನ ಕಾಯಿಲೆಗೆ ಮುಂದೆ ಅವರದೇ ಹೆಸರು ಬಂತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳಿನ ತೆಳು ಪದರಗಳಿಗೆ ಬಣ್ಣ ಹಾಕಿ ನೋಡಿದರು. ನರಕೋಶಗಳ ನಡುವೆ ಕಾಳು ಚೆಲ್ಲಿದಂತೆ ಕಲೆಗಳಿದ್ದವು.

ಆ ಕಲೆಗಳ ಮುಖ್ಯ ವಸ್ತು ಬೀಟಾ ಅಮೈಲಾಯ್ಡ್. ಸುಮಾರು 40 ಅಮೈನೋ ಆಮ್ಲಗಳ ಈ ಪ್ರೋಟೀನ್ ತುಂಡನ್ನು ಜಾರ್ಜ್ ಗ್ಲೆನ್ನರ್ ರೋಗಿಗಳ ಮೆದುಳಿನ ರಕ್ತನಾಳಗಳಿಂದ ಬೇರ್ಪಡಿಸಿದ್ದು 1984ರಲ್ಲಿ. ಒಂಟಿಯಾಗಿದ್ದಾಗ ಇದಕ್ಕೆ ಗೊತ್ತಾದ ಆಕಾರವಿಲ್ಲ, ಸಡಿಲ ದಾರದ ಹಾಗೆ ಸದಾ ಅಲುಗಾಡುತ್ತಿರುತ್ತದೆ. ಕೆಲವು ಅಣುಗಳು ಚಪ್ಪಟೆಯಾಗಿ ಒಂದರ ಮೇಲೊಂದು ಕೂತವೋ, ಸ್ವಭಾವವೇ ಬದಲು. 4.7 ಆಂಗ್‌ಸ್ಟ್ರಾಂ ಅಂತರದಲ್ಲಿ ಮೆಟ್ಟಿಲು ಕಟ್ಟಿದಂತೆ ಎಳೆ ಬೆಳೆಯುತ್ತದೆ. ಪ್ರೋಟೀನು ಹೀಗೆ ಕಟ್ಟುವ ಎಳೆಗೇ ಅಮೈಲಾಯ್ಡ್ ಎಂದು ಹೆಸರು. ಅದರ ತುದಿಯೇ ಮುಂದೆ ಬರುವ ಅಣುವಿಗೆ ಅಚ್ಚು. ಹಾಲಿಗೆ ಹೆಪ್ಪು ಹಾಕಿದ ಲೆಕ್ಕ: ಆ ಮೊದಲ ಚೂರಿಗೇ ತಡ, ಅದು ಬಿದ್ದ ಮೇಲೆ ಉಳಿದದ್ದು ತಾನಾಗಿ ಆಗುತ್ತದೆ.

ಇದು ಕಾಯಿಲೆಯ ಕಾರಣವಲ್ಲ, ಬರೀ ಕಸ ಎನ್ನುವವರು ವಂಶವಾಹಿಗಳನ್ನು ನೋಡಬೇಕು. ನನ್ನ ಮಟ್ಟಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಬೀಟಾ ಅಮೈಲಾಯ್ಡ್‌ನ ಮೂಲ ಪ್ರೋಟೀನಿನ ಜೀನ್ 21ನೇ ಕ್ರೋಮೋಸೋಮಿನಲ್ಲಿದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ಕ್ರೋಮೋಸೋಮ್ ಮೂರು, ಮತ್ತು ನಲವತ್ತರ ಹೊತ್ತಿಗೆ ಅವರಲ್ಲಿ ಬಹುತೇಕ ಎಲ್ಲರ ಮೆದುಳಲ್ಲೂ ಈ ಕಲೆಗಳಿರುತ್ತವೆ. ಇದಕ್ಕೆ ತದ್ವಿರುದ್ಧ ಐಸ್‌ಲ್ಯಾಂಡ್‌ನದು. ಅದೇ ಜೀನಿನಲ್ಲಿ ಒಂದಕ್ಷರ ಬದಲಾದ ಕೆಲವರು ಅಲ್ಲಿದ್ದಾರೆ. ಆ ಬದಲಾವಣೆ ಬೀಟಾ ಅಮೈಲಾಯ್ಡ್ ತಯಾರಿಯನ್ನು ತಗ್ಗಿಸುತ್ತದೆ, ಆಲ್‌ಝೈಮರ್ ಬಾರದಂತೆ ಅವರನ್ನು ಕಾಯುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ಹೆಚ್ಚಾದರೆ ರೋಗ, ಕಡಿಮೆಯಾದರೆ ರಕ್ಷಣೆ.

ಎಳೆಗಟ್ಟುವ ಮೊದಲೇ ತಡೆಯುವ ದಾರಿ ಹೃದಯದಲ್ಲಿ ಫಲ ಕೊಟ್ಟೂ ಆಗಿದೆ. ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನಿನ ನಾಲ್ಕು ಭಾಗಗಳು ಬಿಚ್ಚಿಕೊಂಡು ಹೃದಯದ ಸ್ನಾಯುವಿನಲ್ಲಿ ಎಳೆಗಟ್ಟುವ ಕಾಯಿಲೆಯೊಂದಿದೆ. ಆ ನಾಲ್ಕನ್ನೂ ಬಿಗಿಯಾಗಿ ಹಿಡಿದಿಡುವ ಮಾತ್ರೆ ಟಫಾಮಿಡಿಸ್. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 30 ತಿಂಗಳಲ್ಲಿ, ಔಷಧ ಪಡೆಯದವರಲ್ಲಿ ಶೇ 42.9 ಇದ್ದ ಸಾವು ಪಡೆದವರಲ್ಲಿ ಶೇ 29.5ಕ್ಕೆ ಇಳಿಯಿತು. ಮೆದುಳಿನ ಅಮೈಲಾಯ್ಡ್ ತೆಗೆಯುವ ಔಷಧ ಲೆಕಾನೆಮ್ಯಾಬ್ ಕಾಯಿಲೆಯ ಓಟವನ್ನು ಶೇ 27ರಷ್ಟು ನಿಧಾನಿಸಿತು. ಸಾಲದು ನಿಜ. ಆದರೆ ಕಲೆಗಳು ಕೂಡತೊಡಗುವುದು ಮರೆವು ಕಾಣುವುದಕ್ಕೆ ಹದಿನೈದು-ಇಪ್ಪತ್ತು ವರ್ಷ ಮೊದಲೇ. ನಾವು ಔಷಧ ಕೊಟ್ಟದ್ದು ಮೊಸರಾದ ಮೇಲೆ.

ವಿರೋಧ: ಕಲೆ ಹೋಯಿತು, ಮರೆವು ಉಳಿಯಿತು

ಆ ಶೇ 27 ಎಂದರೆ ಎಷ್ಟು? ಲೆಕಾನೆಮ್ಯಾಬ್ ಪ್ರಯೋಗದಲ್ಲಿ 1,795 ಜನರಿದ್ದರು. 18 ತಿಂಗಳ ಕೊನೆಗೆ, ಮರೆವಿನ ತೀವ್ರತೆ ಅಳೆಯುವ 18 ಅಂಕಗಳ ಅಳತೆಯಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ 0.45. ಆ ಅಳತೆಯ ಅತಿ ಚಿಕ್ಕ ಮೆಟ್ಟಿಲೇ ಅರ್ಧ ಅಂಕ. ಇಷ್ಟಕ್ಕಾಗಿ ಎರಡು ವಾರಕ್ಕೊಮ್ಮೆ ಡ್ರಿಪ್, ಮತ್ತೆ ಮತ್ತೆ ಎಂಆರ್‌ಐ. ಔಷಧ ಪಡೆದವರಲ್ಲಿ ಶೇ 12.6 ಮಂದಿಗೆ ಮೆದುಳಲ್ಲಿ ಬಾವು ಕಾಣಿಸಿತು.

ಮರೆವಿನ ಕಾಯಿಲೆಯಿದ್ದ ಅತ್ತೆಯವರನ್ನು ಆರು ವರ್ಷ ನೋಡಿಕೊಂಡವಳು ನಾನು. ಕೈಯಲ್ಲಿ ಇನ್ನೂ ಬಿಸಿ ಆರದ ಲೋಟ ಹಿಡಿದುಕೊಂಡೇ ‘ಕಾಫಿ ಕೊಡ್ಲೇ ಇಲ್ವಲ್ಲಮ್ಮ’ ಎನ್ನುತ್ತಿದ್ದರು. 0.45 ಅಂಕದಿಂದ ಆ ಲೋಟ ನೆನಪಿಗೆ ಬರುತ್ತಿತ್ತೇ? ಬರುತ್ತಿರಲಿಲ್ಲ.

ಕಲೆ ತೆಗೆದು ನೋಡುವ ಪರೀಕ್ಷೆ ಹಿಂದೆಯೇ ಆಗಿದೆ. ಅಮೈಲಾಯ್ಡ್ ವಿರುದ್ಧದ ಎಎನ್1792 ಎಂಬ ಲಸಿಕೆ ಪಡೆದು ಮುಂದೆ ತೀರಿಕೊಂಡ ಎಂಟು ಜನರ ಮೆದುಳನ್ನು ತೆರೆದು ನೋಡಿ, 2008ರಲ್ಲಿ ಬ್ರಿಟನ್ನಿನ ವೈದ್ಯರು ವರದಿ ಕೊಟ್ಟರು. ಇಬ್ಬರಲ್ಲಿ ಕಲೆಗಳು ಹೆಚ್ಚುಕಮ್ಮಿ ಪೂರ್ತಿ ಅಳಿಸಿಹೋಗಿದ್ದವು. ಆ ಇಬ್ಬರೂ ಪ್ರಾಣ ಬಿಟ್ಟದ್ದು ತೀವ್ರ ಮರೆವಿನಲ್ಲೇ.

ವಂಶವಾಹಿಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೊಲಂಬಿಯಾದ ಆಂತಿಯೋಕಿಯಾ ಪ್ರಾಂತದ ಒಂದು ದೊಡ್ಡ ಕುಟುಂಬವನ್ನೂ ನೋಡಬೇಕು. ಒಂದು ಜೀನಿನ ದೋಷದಿಂದ ಅಲ್ಲಿ ನಲವತ್ತರ ನಡುವಿನಲ್ಲೇ ಮರೆವು ಶುರು. ಅದೇ ದೋಷವಿದ್ದ ಒಬ್ಬ ಮಹಿಳೆ ಎಪ್ಪತ್ತು ದಾಟುವವರೆಗೂ ಚೆನ್ನಾಗಿದ್ದರು. 2019ರಲ್ಲಿ ಪ್ರಕಟವಾದ ವಿವರದಂತೆ ಆಕೆಯ ಮೆದುಳಲ್ಲಿ ಅಮೈಲಾಯ್ಡ್ ವಿಪರೀತವಾಗಿತ್ತು. ಕಡಿಮೆ ಇದ್ದದ್ದು ಟಾವ್ ಎಂಬ ಇನ್ನೊಂದು ಪ್ರೋಟೀನಿನ ಗಂಟುಗಳು. ಎಪಿಒಇ ಎಂಬ ಬೇರೊಂದು ಜೀನಿನ ಅಪರೂಪದ ರೂಪ ಆಕೆಯನ್ನು ಕಾದಿತ್ತು. ಅಮೈಲಾಯ್ಡ್ ತುಂಬಿಕೊಂಡಿದ್ದ ತಲೆ ಮೂವತ್ತು ವರ್ಷದಷ್ಟು ಹೆಚ್ಚು ಕಾಲ ನೆಟ್ಟಗಿತ್ತು!

ಅಮೈಲಾಯ್ಡ್ ಎಂದರೆ ವಿಷವೇ ಎಂಬುದೂ ಪೂರ್ತಿ ನಿಜವಲ್ಲ. ನಮ್ಮ ಚರ್ಮದ ಮೆಲನಿನ್ ಕಟ್ಟಿಕೊಳ್ಳುವುದು ಇಂಥದೇ ಎಳೆಗಳ ಮೇಲೆ. ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳು ಇದೇ ರೂಪದಲ್ಲಿ ದಾಸ್ತಾನಾಗುತ್ತವೆ ಎಂದು 2009ರಲ್ಲಿ ತೋರಿಸಿದವರಲ್ಲಿ, ಇಂದು ಐಐಟಿ ಬಾಂಬೆಯಲ್ಲಿರುವ ಸಮೀರ್ ಮಾಜಿ ಒಬ್ಬರು.

ನನ್ನ ಸಿಟ್ಟು ಸಂಶೋಧನೆಯ ಹಣ ಅಮೈಲಾಯ್ಡ್ ಕಡೆಗೆ ಹರಿದದ್ದರ ಮೇಲೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಗಳ ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಅಂದಾಜಿಸಿತು. ಅದು ಪಟ್ಟಿ ಮಾಡಿದ 14 ಅಂಶಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು ಎಲ್ಲ ಇವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದಿದೆ. ಅಂಥ ಕೆಲಸ ತಾಲ್ಲೂಕು ತಾಲ್ಲೂಕಿಗೂ ಬೇಕು. ನಮ್ಮ ಅತ್ತೆಗೆ ಮರೆವು ಶುರುವಾಗುವ ಹತ್ತು ವರ್ಷ ಮೊದಲೇ ಕಿವಿ ಕೇಳಿಸುತ್ತಿರಲಿಲ್ಲ. ಟಿವಿ ಜೋರಾಗಿ ಹಾಕಿಕೊಡುತ್ತಿದ್ದೆವು. ಕಿವಿಗೆ ಮಿಷಿನ್ ಹಾಕಿಸಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ.