ಹೊಗೆಗೆ ಒಂದು ವರ್ಷದ ವಾಯಿದೆ

ನಮ್ಮ ಸಿವಿಲ್ ಕೋರ್ಟುಗಳ ಕೀರ್ತಿ ಲಂಡನ್ ತನಕ ಹಬ್ಬಿದೆ ಅಂತ ಗೊತ್ತಿರಲಿಲ್ಲ. 2025ರ ಅಕ್ಟೋಬರಿನಲ್ಲಿ ಥೇಮ್ಸ್ ದಂಡೆಯ ಅಂತಾರಾಷ್ಟ್ರೀಯ ಕಡಲ ಸಂಸ್ಥೆ, ಅಂದರೆ ಹಡಗುಗಳಿಗೆ ನಿಯಮ ಮಾಡುವ ವಿಶ್ವಸಂಸ್ಥೆಯ ಐಎಂಒ, ಹಡಗಿನ ಹೊಗೆಯ ಕೇಸಿಗೆ ಒಂದು ವರ್ಷ ವಾಯಿದೆ ಕೊಟ್ಟಿತು. ವಾಯಿದೆಗೂ ಮತದಾನ! ಮುಂದೂಡೋಣ ಅಂದ ದೇಶಗಳು 57, ಬೇಡ ಅಂದವು 49, ಸೂರು ನೋಡುತ್ತ ಕೂತವು 21.

ಕೇಸು ಇಷ್ಟೇ. ಜಗತ್ತಿನ ಇಂಗಾಲದ ಹೊಗೆಯಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಹಡಗುಗಳದ್ದು. ಅವು ಕುಡಿಯುವ ಎಣ್ಣೆ ಎಂಥದ್ದು ಗೊತ್ತಾ? ಪೆಟ್ರೋಲು, ಡೀಸೆಲ್ಲು ತೆಗೆದ ಮೇಲೆ ತಳದಲ್ಲಿ ಉಳಿಯುವ ಗಸಿ. ಚಳಿಗೆ ಬಿಗಿದುಕೊಂಡ ಜೋನಿಬೆಲ್ಲದ ಹಾಗೆ; ಬಿಸಿ ಮಾಡದಿದ್ದರೆ ಪೈಪಿನಲ್ಲಿ ಹರಿಯೋದೇ ಇಲ್ಲ. ಇದನ್ನು ಬಿಟ್ಟು ಹಸಿರು ಮೆಥನಾಲ್, ಅಮೋನಿಯಾದಂಥ ಶುದ್ಧ ಇಂಧನದ ಕಡೆ ಹೊರಳಿ, ಹೊಗೆ ಮಿತಿ ಮೀರಿದರೆ ಟನ್ನಿಗೆ 100 ಡಾಲರು, ತೀರಾ ಜಾಸ್ತಿಯಾದರೆ 380 ಡಾಲರು ಕಟ್ಟಿ ಅನ್ನೋ ನಿಯಮಕ್ಕೆ ಏಪ್ರಿಲ್‌ನಲ್ಲಿ 63 ದೇಶಗಳು ಹೂಂ ಅಂದಿದ್ದವು.

ಆ ಮಾತುಕತೆಯಿಂದ ಅಮೆರಿಕ ಎದ್ದು ಹೋಗಿತ್ತು. ಮುನಿಸಿಕೊಂಡು ಪಂಕ್ತಿ ಬಿಟ್ಟ ಬೀಗರು ಸುಮ್ನೆ ಮನೆಗೆ ಹೋಗ್ತಾರಾ? ಅಕ್ಟೋಬರಿಗೆ ವಾಪಸಾದರು. ಟ್ರಂಪ್ ಸಾಹೇಬರು ಇದನ್ನು ಮೋಸದ ತೆರಿಗೆ ಅಂದರು. ಒಪ್ಪಿದವರ ಹಡಗಿಗೆ ಹೆಚ್ಚುವರಿ ಶುಲ್ಕ, ನಾವಿಕರ ವೀಸಾಗೆ ಕತ್ತರಿ ಅಂತ ಬೆದರಿಕೆಯೂ ಹೋಯಿತು. ಎತ್ತಿದ್ದ ಕೈಗಳಲ್ಲಿ ಕೆಲವು ತಲೆ ಕೆರೆದುಕೊಳ್ಳೋಕೆ ಇಳಿದವು. ಮುಂದೂಡಿ ಅಂತ ಸೂಚಿಸಿದ್ದು ಯಾರು? ಸೌದಿ ಅರೇಬಿಯಾ. ಪಥ್ಯ ಮುಂದಿನ ವರ್ಷ ಮಾಡಿದರಾಯ್ತು ಅಂತ ಬೋಂಡಾ ಅಂಗಡಿಯವನೇ ಹೇಳಿದ ಹಾಗೆ!

ಹಾಗಂತ ಹಡಗಿನವರು ನಿಯಮ ಪಾಲಿಸೋದಿಲ್ಲ ಅನ್ನಬೇಡಿ, ಪಾಪ. 2020ರಲ್ಲಿ ಎಣ್ಣೆಯ ಗಂಧಕವನ್ನು 3.5 ಪರ್ಸೆಂಟಿನಿಂದ 0.5ಕ್ಕೆ ಇಳಿಸಿ ಅಂತ ಆಜ್ಞೆ ಬಂತು. ಸಾವಿರಾರು ಹಡಗುಗಳು ಅದೇ ಗಸಿ ಉರಿಸುತ್ತ, ಚಿಮಣಿಗೆ ಸ್ಕ್ರಬ್ಬರ್ ಅನ್ನೋ ಯಂತ್ರ ಕೂರಿಸಿಕೊಂಡವು. ಸಮುದ್ರದ ನೀರೆತ್ತಿ ಹೊಗೆಗೆ ಸ್ನಾನ ಮಾಡಿಸಿ ಗಂಧಕ ತೊಳೆಯೋದು ಅದರ ಕೆಲಸ. ಆ ಸ್ನಾನದ ನೀರು? ಹೆಚ್ಚಿನ ಹಡಗುಗಳಲ್ಲಿ ಸೀದಾ ಸಮುದ್ರಕ್ಕೇ. ಕಾನೂನಿಗೆ ಬೇಕಾದ್ದು ಗಾಳಿ ತಾನೇ? ಮೀನುಗಳು ಅರ್ಜಿ ಬರೆಯೋದಿಲ್ಲ ಬಿಡಿ. ಡೆನ್ಮಾರ್ಕು, ಸ್ವೀಡನ್ನಿನವರಿಗೆ ಮಾತ್ರ ಯಾಕೋ ಸರಿ ಕಾಣಲಿಲ್ಲ. 2025ರಲ್ಲಿ ತಮ್ಮ ನೀರಿಗೆ ಇದನ್ನು ಸುರಿಯಬಾರದು ಅಂದುಬಿಟ್ಟರು.

ಐಎಂಒ ಕಟ್ಟಡದ ಮುಂಗೋಡೆಯಿಂದ ಕಂಚಿನ ಹಡಗಿನ ಮೂತಿಯೊಂದು ಹೊರಗೆ ಚಾಚಿಕೊಂಡಿದೆ. ಮೇಲೊಬ್ಬ ಕಂಚಿನ ನಾವಿಕ. ಗಸಿ ಬೇಡ, ಮೆಥನಾಲೂ ಬೇಡ, ಹೊಗೆಯಂತೂ ಇಲ್ಲವೇ ಇಲ್ಲ. 2001ರಿಂದ ಅಲ್ಲೇ ಇದೆ, ಒಂದಡಿ ಮುಂದೆ ಹೋಗಿಲ್ಲ.